ಮುಳ್ಳು ಮಾವನ ಹತ್ತಿರ ಇದೆ

ಜೂನ್ ೩

ಪ್ರೀತಿಯ ಕೇಕತ್ತೆಗೆ,

ಹೀಗೆ ಕರೆದರೆ ಬೇಜಾರಿಲ್ಲ ತಾನೆ? ಇವರು ಚಿಕ್ಕಂದಿನಿಂದ ನಿಮ್ಮನ್ನು ಹೀಗೇ ಕರೆಯುತ್ತಿದ್ದರಂತೆ. ನಾನು ಬರೀ ‘ಅತ್ತೆ’ ಅನ್ನೋಣವೆಂದರೆ ಮನೆಯಲ್ಲಿ ಆಗಲೇ ಒಬ್ಬರು ಅತ್ತೆ ಇದ್ದಾರೆ. ‘ಮಾವನ ಅಕ್ಕನವರಿಗೆ’ ಅಂದರೆ ಪೊಲೀಸ್ ಠಾಣೆಗೆ ದೂರು ಬರೆದ ಹಾಗಿರುತ್ತದೆ. ಅದಕ್ಕೇ ಕೇಕತ್ತೆ!

ನಾನು ನಿಮ್ಮ ತಮ್ಮನ ಹೊಸ ಸೊಸೆ. ಮದುವೆಗೆ ನೀವು ಬರಲಿಲ್ಲ, ನಿಮ್ಮ ಕೇಕ್ ಬಂತು. ಅಯ್ಯೋ, ಅದೆಂಥ ಕೇಕ್! ಮೂರು ಅಂತಸ್ತು, ಸುತ್ತಲೂ ಕ್ರೀಮಿನ ಬಳ್ಳಿ, ಒಂದು ಎಲೆಯೂ ಸೊಟ್ಟಗಿರಲಿಲ್ಲ. ಕತ್ತರಿಸಲು ಮನಸ್ಸೇ ಬರದೆ ನಾನು ಚಾಕು ಹಿಡಿದು ನಿಂತಿದ್ದೆ. ಇವರು ಕಿವಿಯಲ್ಲಿ, “ಬೇಗ ಕುಯ್ಯೇ, ಹಸಿವು” ಅಂದರು. ಅದೇ ಫೋಟೋ ಈಗ ನಡುಮನೆಯ ಗೋಡೆಯಲ್ಲಿ ತೂಗುತ್ತಿದೆ. ನೋಡಿದವರೆಲ್ಲ ನಾನು ನಾಚಿಕೊಂಡಿದ್ದೇನೆ ಅಂದುಕೊಳ್ಳುತ್ತಾರೆ. ನಿಮ್ಮ ತಮ್ಮ ಎರಡು ತುಂಡು ತಿಂದರು. ಏನೂ ಹೇಳಲಿಲ್ಲ. ಆದರೆ ತಟ್ಟೆಯ ಮೇಲೆ ಒಂದು ಚೂರೂ ಉಳಿಸಲಿಲ್ಲ.

ನನ್ನ ಕಷ್ಟವೇ ಅದು. ಮಾವ ಏನೂ ಹೇಳುವುದಿಲ್ಲ. ಕೆಳಗೆ ಕನ್ನಡಕದ ಅಂಗಡಿಯಲ್ಲಿ ಇಡೀ ದಿನ “ಈಗ ಕಾಣುತ್ತಾ? ಈಗ?” ಅಂತ ಕೇಳಿ ಕೇಳಿ ಮಾತೆಲ್ಲ ಖರ್ಚಾಗಿ ಮೇಲೆ ಬರುತ್ತಾರೆ. ಮದುವೆಯಾದಾಗಿನಿಂದ ನನಗೆ ಹೇಳಿದ್ದು ‘ಹೂಂ’, ‘ಊಹೂಂ’, ಮತ್ತೆ ಒಂದು ದಿನ ‘ನಲ್ಲಿ’. ನಾನು ನಲ್ಲಿ ನಿಲ್ಲಿಸಲು ಮರೆತಿದ್ದೆ. ಪಕ್ಕದಲ್ಲೇ ಕೂತಿದ್ದರೂ ಅತ್ತೆಗೆ “ಅವಳಿಗೆ ಹೇಳು” ಅನ್ನುತ್ತಾರೆ. ಸಿಟ್ಟೇನಿಲ್ಲ, ಸ್ವಭಾವ. ಆದರೆ ನಾನು ಬಂದದ್ದು ನಾಲ್ಕು ಜನ ಒಟ್ಟಿಗೆ ಮಾತಾಡಿ ಯಾರೂ ಕೇಳಿಸಿಕೊಳ್ಳದ ಮನೆಯಿಂದ. ಇಲ್ಲಿ ಚಮಚ ಇಟ್ಟರೆ ಆ ಸದ್ದು ಮೂರು ಕೋಣೆ ತಿರುಗಿ ಬರುತ್ತದೆ. ಈ ಮನುಷ್ಯನ ಬಾಯಿಂದ ನನಗಾಗಿ ನಾಲ್ಕು ಮಾತು ಬರಿಸಿಯೇ ತೀರುತ್ತೇನೆ ಅಂತ ಇವರಿಗೆ ಹೇಳಿದೆ. “ನಾನು ಹುಟ್ಟಿದಾಗಿನಿಂದ ಟ್ರೈ ಮಾಡ್ತಿದೀನಿ. ಕ್ಯೂನಲ್ಲಿ ನಿಲ್ಲು” ಅಂದರು.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ನನ್ನ ಸೂಟ್‌ಕೇಸಿಗೆ ಜಾಗ ಹುಡುಕಲು ಅಟ್ಟ ಹತ್ತಿದೆ. ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಒಳಗೆ ರೆಕಾರ್ಡುಗಳು! ದೊಡ್ಡ ದೊಡ್ಡ ಕಪ್ಪು ರೆಕಾರ್ಡುಗಳು, ಒಂದೊಂದಕ್ಕೂ ಕನ್ನಡಕ ಒರೆಸುವ ಹಳದಿ ಬಟ್ಟೆ ಸುತ್ತಿದೆ. ನಾನು ಒಂದನ್ನು ಕೆಳಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮಾವ ಊಟಕ್ಕೆ ಬಂದರು. ನೋಡಿದರು. ಆಮೇಲೆ ಹೇಳಿದರು, “ಅಂಚು ಹಿಡಿ. ಮಧ್ಯೆ ಮುಟ್ಟಬೇಡ.”

ನಾಲ್ಕು ಪದ! ನನಗೇ! ನೇರವಾಗಿ!

“ಮಾವ, ಇದನ್ನ ಹಾಕೋ ಪ್ಲೇಯರ್ ಎಲ್ಲಿ?” ಅಂತ ಕೇಳಿದೆ. ಮಾವ ಕೈ ತೊಳೆಯಲು ಹೊರಟೇಹೋದರು. ಅತ್ತೆ ಮಾತ್ರ ಪಾತ್ರೆ ತೊಳೆಯುವಾಗ ಮೆಲ್ಲಗೆ, “ಅದು ನಿಮ್ಮ ಕೇಕತ್ತೆ ಹತ್ರ ಇದೆ. ಕೇಳೋಕೆ ಮಾತ್ರ ಹೋಗಬೇಡ” ಅಂದರು.

ಅದಕ್ಕೇ ಕೇಳುತ್ತಿದ್ದೇನೆ. ನೀವು ಫೋನ್ ಎತ್ತುವುದಿಲ್ಲವಂತೆ, ಕೈಯಲ್ಲಿ ಸದಾ ಕ್ರೀಮ್ ಇರುತ್ತದಂತೆ. ಪತ್ರಕ್ಕಾದರೂ ಕೈ ತೊಳೆದುಕೊಳ್ಳಿ, ಪ್ಲೀಸ್!

ನಿಮ್ಮ ಹೊಚ್ಚ ಹೊಸ
ಸೊಸೆ


ಜೂನ್ ೧೪

ಸೊಸೆಗೆ ಆಶೀರ್ವಾದ.

ಕೈ ತೊಳೆದುಕೊಂಡಿದ್ದೇನೆ. ಆದರೂ ಕಾಗದಕ್ಕೆ ಬೆಣ್ಣೆ ಹತ್ತಿದ್ದರೆ ಅದು ಬೇಕರಿಯ ತಪ್ಪು, ನನ್ನದಲ್ಲ.

ಹಾಡುವ ಪೆಟ್ಟಿಗೆ ನನ್ನ ಹತ್ತಿರ ಇದೆ. ನಿನ್ನ ಮದುವೆಯ ಕೇಕು ಅದರ ಮೇಲೆಯೇ ಕೂತು ತಿರುಗಿದ್ದು. ಕ್ರೀಮಿನ ಚೀಲವನ್ನು ಒಂದೇ ಕಡೆ ಹಿಡಿದುಕೊಂಡು ನಿಂತರೆ ಸಾಕು, ಕೇಕು ಸುತ್ತುತ್ತದೆ, ಬಳ್ಳಿ ತಾನೇ ಬೆಳೆಯುತ್ತದೆ. ಈ ಊರಿನಲ್ಲಿ ನನ್ನಷ್ಟು ನೇರ ಅಂಚು ಯಾರಿಗೂ ಬರುವುದಿಲ್ಲ. ಗುಟ್ಟು ಯಾರಿಗೂ ಹೇಳಿಲ್ಲ, ನಿನಗೆ ಹೇಳಿದ್ದೇನೆ. ಬಾಯಿ ಬಿಡಬೇಡ. ಬಿಡದೆ ಇರುವುದು ನಿನಗೆ ಕಷ್ಟ ಅಂತ ಪತ್ರ ನೋಡಿದರೇ ಗೊತ್ತಾಗುತ್ತದೆ.

ಆದರೆ ಅದರಿಂದ ಹಾಡು ಬರುವುದಿಲ್ಲ. ಮುಳ್ಳು ನಿನ್ನ ಮಾವನ ಹತ್ತಿರ ಇದೆ. ನಾವಿಬ್ಬರೂ ಬೇರೆಯಾದ ದಿನದಿಂದ ಅವನಲ್ಲೇ ಉಳಿದಿದೆ. ಅದನ್ನು ಅವನಾಗಿಯೇ ಹೊರಗೆ ತೆಗೆಯುವವರೆಗೆ ಹಾಡಿನ ಮಾತು ಬೇಡ.

ಕೇಕತ್ತೆ


ಜೂನ್ ೨೦

ಪ್ರೀತಿಯ, ಪ್ರೀತಿಯ ಕೇಕತ್ತೆಗೆ,

ನಿಮ್ಮ ಪತ್ರ ಓದಿ ನಾನು ಅತ್ತುಬಿಟ್ಟೆ. ಇವರ ಇಸ್ತ್ರಿ ಮಾಡಿದ ಅಂಗಿಯ ಮೇಲೆಯೇ. ‘ಮುಳ್ಳು ನಿನ್ನ ಮಾವನ ಹತ್ತಿರ ಇದೆ, ಅವನಲ್ಲೇ ಉಳಿದಿದೆ’! ಸ್ಕೂಲಿನಲ್ಲಿ ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜ್, ಪದ್ಯಗಳಿಗೆ ಅರ್ಥ ಬರೆಯುವುದೆಂದರೆ ಹೊಟ್ಟೆನೋವು ಬರುತ್ತಿತ್ತು. ಆದರೆ ನಿಮ್ಮ ಈ ಎರಡು ಸಾಲಿಗೆ ಯಾವ ಗೈಡೂ ಬೇಕಾಗಲಿಲ್ಲ. ಒಬ್ಬ ಮನುಷ್ಯ ಇಷ್ಟು ವರ್ಷ ಎದೆಯಲ್ಲಿ ಮುಳ್ಳು ಇಟ್ಟುಕೊಂಡು ಬೇರೆಯವರ ಕಣ್ಣು ಪರೀಕ್ಷೆ ಮಾಡುತ್ತಿದ್ದಾರಲ್ಲ! ಮಾತು ಹೇಗೆ ತಾನೆ ಬಂದೀತು!

ಬಲವಂತ ಮಾಡಬಾರದು ಅಂತ ನೀವು ಸೂಚಿಸಿದ್ದೀರಿ. ಮಾಡಲಿಲ್ಲ. ಸಂಜೆ ಮಾವ ಪೇಪರ್ ಹಿಡಿದು ಕೂತಾಗ ಹೋಗಿ ಎದುರಿಗೆ ನೆಲದ ಮೇಲೆ ಕೂತೆ. ತುಂಬ ಮೆದುವಾಗಿ ಹೇಳಿದೆ, “ಮಾವ, ನನಗೆಲ್ಲ ಗೊತ್ತಾಯ್ತು. ಮುಳ್ಳು ಇನ್ನೂ ಒಳಗೇ ಇದೆಯಂತೆ. ನೋವಾದರೂ ಪರವಾಗಿಲ್ಲ, ತೆಗೆದುಬಿಡಿ.”

ಮಾವ ಪೇಪರ್ ಇಳಿಸಿ ನನ್ನನ್ನು ನೋಡಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಓಡಿ ಬಂದರು.

“ಏನ್ರೀ, ಮುಳ್ಳು ಚುಚ್ಕೊಂಡಿದ್ದೀರಾ? ಬಾಯಿ ಬಿಟ್ಟು ಹೇಳಬಾರದಾ! ಸೊಸೆ ಹತ್ರ ಹೇಳ್ತೀರಾ, ನನ್ನ ಹತ್ರ ಹೇಳಲ್ವಾ? ಯಾವ ಕಾಲು?”

“ಅಲ್ಲ ಅತ್ತೆ, ಅದು ಕಾಲಲ್ಲಿ ಅಲ್ಲ...”

“ನೀನು ಸುಮ್ಮನಿರಮ್ಮ, ಇವರು ಹೀಗೇ. ಕೀವು ಆದ ಮೇಲೆ ತೋರಿಸ್ತಾರೆ.”

ಅತ್ತೆ ಅಂಗಡಿಯಿಂದ ಚಿಮುಟ ತಂದರು. ಇವರು ಟಾರ್ಚ್ ತಂದರು, ಭೂತಗನ್ನಡಿಯನ್ನೂ ತಂದರು. ಮಾವ ಎಡಗಾಲನ್ನು ಸ್ಟೂಲಿನ ಮೇಲೆ ಇಟ್ಟು ಮತ್ತೆ ಪೇಪರ್ ಓದತೊಡಗಿದರು! ಎಡಗಾಲು ಮುಗಿದ ಮೇಲೆ ಅವರಾಗಿಯೇ ಬಲಗಾಲನ್ನು ಇಟ್ಟರು. “ಏನೂ ಕಾಣ್ತಿಲ್ವಲ್ಲ” ಅಂತ ಅತ್ತೆ. “ನಂಬರ್ ಹೆಚ್ಚಿರಬೇಕು ಅಮ್ಮ, ನಿಂಗೇ ಕಣ್ಣು ಟೆಸ್ಟ್ ಮಾಡಿಸೋಣ” ಅಂತ ಇವರು. ನಾನು ಅಳುವುದೋ ನಗುವುದೋ ತಿಳಿಯದೆ ಟಾರ್ಚ್ ಹಿಡಿದು ಕೂತಿದ್ದೆ.

ಎಲ್ಲರೂ ಎದ್ದು ಹೋದ ಮೇಲೆ ಮಾವ ಪೇಪರಿನ ಹಿಂದಿನಿಂದಲೇ ಕೇಳಿದರು: “ಅಕ್ಕ ಬರೆದಳಾ?”

“ಹೌದು ಮಾವ.”

“ಹೂಂ” ಅಂದರು. ಆದರೆ ಕೇಕತ್ತೆ, ಇದು ಬೇರೆ ಹೂಂ. ಉದ್ದ ಇತ್ತು.

ನಿಮ್ಮ
ಸೊಸೆ


ಜುಲೈ ೧

ಅಯ್ಯೋ ಹುಚ್ಚು ಹುಡುಗಿ,

ಎದೆಯ ಮುಳ್ಳಲ್ಲ ಕಣೇ, ಪೆಟ್ಟಿಗೆಯ ಮುಳ್ಳು! ತಟ್ಟೆಯ ಮೇಲೆ ಕೂತು ಹಾಡಿಸುತ್ತದಲ್ಲ, ಆ ಮುಳ್ಳು! ನೀವು ಇಂಗ್ಲಿಷಿನಲ್ಲಿ ನೀಡಲ್ ಅನ್ನುತ್ತೀರೇನೋ. ನಮ್ಮ ಮನೆಯಲ್ಲಿ ರೆಕಾರ್ಡಿಗೆ ತಟ್ಟೆ, ಅದಕ್ಕೆ ಮುಳ್ಳು. ಪತ್ರ ಓದಿ ನಕ್ಕು ನಕ್ಕು ಒಂದು ಹುಟ್ಟುಹಬ್ಬದ ಕೇಕಿನ ಮೇಲೆ ಹೆಸರು ತಪ್ಪಾಗಿ ಬರೆದೆ. ಎರಡೂ ಕಾಲು ಕೊಟ್ಟನಾ ಅವನು? ಚಿಕ್ಕಂದಿನಲ್ಲೂ ಹಾಗೇ. ತಪ್ಪು ಮಾತ್ರೆ ಕೊಟ್ಟರೂ ನುಂಗುತ್ತಿದ್ದ, ಇದು ನನ್ನದಲ್ಲ ಅನ್ನುತ್ತಿರಲಿಲ್ಲ.

ನಡೆದದ್ದು ಇಷ್ಟು. ಅಮ್ಮ ಹೋದ ಮೇಲೆ ಮನೆ ಖಾಲಿ ಮಾಡುವಾಗ ಉಳಿದದ್ದು ಈ ಪೆಟ್ಟಿಗೆ ಮತ್ತು ತಟ್ಟೆಗಳು. “ನೀನು ತಗೋ ಅಕ್ಕ” ಅಂದ. “ಬೇಡ, ನೀನೇ ತಗೋ” ಅಂದೆ. “ನಿನಗೆ ಹಾಡು ಇಷ್ಟ” ಅಂದ. “ನಿನಗೇನು ಕಷ್ಟವಾ?” ಅಂದೆ. ನಮ್ಮ ಜಗಳ ಶುರುವಾದದ್ದೇ ಮರ್ಯಾದೆಯಿಂದ. ಕೊಡುವುದರಲ್ಲಿ ಯಾರೂ ಸೋಲಲು ತಯಾರಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ, “ಅಮ್ಮನ ಕಾಯಿಲೆಯಲ್ಲಿ ಎಲ್ಲ ನೀನೇ ಮಾಡಿದೆ, ಇದನ್ನೂ ನೀನೇ ಇಟ್ಟುಕೋ” ಅಂದುಬಿಟ್ಟ. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದಿರಬಹುದು. ನನಗೆ ಮಾಡಿದ ಸೇವೆಗೆ ಕೂಲಿ ಕೊಟ್ಟ ಹಾಗೆ ಕೇಳಿಸಿತು. ಪೆಟ್ಟಿಗೆ ಎತ್ತಿಕೊಂಡು, “ತಟ್ಟೆ ನೀನಿಟ್ಟುಕೋ, ಊಟಕ್ಕಾಗುತ್ತೆ” ಅಂತ ಹೊರಟೆ. ಬಸ್ಸಿನಲ್ಲಿ ನೋಡಿಕೊಂಡರೆ ಮುಳ್ಳು ಇರಲಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಕಿತ್ತಿಟ್ಟುಕೊಂಡಿದ್ದಾನೆ, ಕಳ್ಳ.

ಹೊಸ ಮುಳ್ಳು ಸಿಗುತ್ತದೆ, ನನಗೂ ಗೊತ್ತು. ಅದಲ್ಲ ವಿಷಯ. ಅವನು ತಂದುಕೊಡಲಿ.

ನಕ್ಕಾದ ಮೇಲೆ ಸ್ವಲ್ಪ ಹೊತ್ತು ಅಂಗಡಿಯ ಷಟರ್ ಎಳೆದು ಕೂತಿದ್ದೆ. ನೀನು ತಿಳಿದುಕೊಂಡದ್ದೇನೂ ಪೂರ್ತಿ ತಪ್ಪಲ್ಲ. ಇದನ್ನು ಅವನಿಗೆ ಹೇಳಬೇಡ.

ಕೇಕತ್ತೆ


ಜುಲೈ ೨೨

ಕೇಕತ್ತೇ!

ಮೊದಲು ಕ್ಷಮೆ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ ನಾಚಿಕೆ. ಮುಳ್ಳಿನ ನಿಜ ತಿಳಿದ ಮೇಲೆ ಅತ್ತೆ ದಿನಕ್ಕೆರಡು ಸಲ “ಯಾವ ಕಾಲು?” ಅಂತ ನನ್ನನ್ನು ಕೇಳುತ್ತಾರೆ. ನಾನು ಮಾವನನ್ನು ಮುಳ್ಳು ಕೊಡಿ ಅಂತ ಕೇಳಿದೆ. ಊಹೂಂ. ‘ಅವಳು ಕೇಳಲಿ’ ಅನ್ನುವ ಊಹೂಂ ಅದು, ನನಗೀಗ ಭಾಷೆ ಅರ್ಥವಾಗುತ್ತದೆ. ನೀವು ‘ಅವನು ತರಲಿ’, ಅವರು ‘ಅವಳು ಕೇಳಲಿ’. ಹಾಗಾದರೆ ನಾನು ಮುದುಕಿಯಾಗುವವರೆಗೆ ಕಾಯಬೇಕಾ?

ಅದಕ್ಕೆ ಇವರೂ ನಾನೂ ಒಂದು ಉಪಾಯ ಮಾಡಿದೆವು. ರೇಡಿಯೋ ರಿಪೇರಿ ಮಾಡುವವರೊಬ್ಬರ ಅಂಗಡಿಯಲ್ಲಿ ರೆಕಾರ್ಡ್ ಹಾಕುವ ಒಂದು ಹಳೆಯ ಟರ್ನ್‌ಟೇಬಲ್ ಸಿಕ್ಕಿತು. ಎಷ್ಟು ಅಂಗಡಿ ಸುತ್ತಿದೆವು ಅಂತ ಕೇಳಬೇಡಿ. ಒಂದು ಕಡೆ ಊಟದ ಮೇಜು ತೋರಿಸಿದರು, ತಿರುಗುವ ಟೇಬಲ್ ಬೇಕು ಅಂದದ್ದಕ್ಕೆ! ಇವರು ಸ್ಕೂಟರ್ ಓಡಿಸಿದರು, ನಾನು ಹಿಂದೆ ಅದನ್ನು ತಬ್ಬಿಕೊಂಡು ಕೂತೆ. “ಮದುವೆಯಾದ ಮೇಲೆ ನನ್ನ ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿಲ್ಲ ನೀನು” ಅಂತ ದಾರಿಯುದ್ದಕ್ಕೂ ಗೊಣಗಿದರು.

ಅತ್ತೆಯನ್ನು ಕೇಳಿದೆ, ಮಾವನಿಗೆ ಯಾವುದು ಇಷ್ಟ ಅಂತ. ಕೆಂಪು ಲೇಬಲ್ಲಿನದು ತೆಗೆದುಕೊಟ್ಟರು. ಹಾಕಿದೆವು. ಎಂಥ ಹಾಡು! ಒಬ್ಬಳು ಹುಡುಗಿ ಕುಣಿಕುಣಿದು ಹಾಡುತ್ತಾಳೆ, ಹಿಂದೆ ಪಿಟೀಲು ಓಡೋಡಿ ಬರುತ್ತದೆ, ಕೊನೆಯಲ್ಲಿ ತಡೆಯಲಾರದೆ ನಕ್ಕುಬಿಡುತ್ತಾಳೆ. ಅತ್ತೆಯ ಕಾಲು ತಾಳ ಹಾಕುತ್ತಿತ್ತು. ನಾವಿಬ್ಬರೂ, ಹೇಳಲು ನಾಚಿಕೆ, ಸೋಫಾ ಸರಿಸಿ ಕುಣಿಯುತ್ತಿದ್ದೆವು.

ಮೆಟ್ಟಿಲ ಮೇಲೆ ದಡದಡ ಸದ್ದು. ಮಾವ! ಕೈಯಲ್ಲಿ ಮಸೂರ. ಅವರ ಹಿಂದೆಯೇ ಒಬ್ಬ ಗಿರಾಕಿ, ಮೂಗಿನ ಮೇಲೆ ಪರೀಕ್ಷೆಯ ದುಂಡು ಚೌಕಟ್ಟು ಹಾಗೇ ಇದೆ, ಗೋಡೆ ತಡವಿಕೊಂಡು ಹತ್ತಿ ಬಂದಿದ್ದಾರೆ.

“ಇದು ನಮ್ಮ ಹಾಡಲ್ಲ” ಅಂದರು ಮಾವ.

“ಅದೇ ರೆಕಾರ್ಡ್ ಮಾವ. ಕೆಂಪು ಲೇಬಲ್.”

“ಅಲ್ಲ. ನಮ್ಮದು ನಿಧಾನ. ನಮ್ಮ ಹಾಡಲ್ಲಿ ಅವಳು ದೊಡ್ಡವಳು, ದನಿ ದಪ್ಪ. ಇವಳು ಯಾರೋ ಚಿಕ್ಕ ಹುಡುಗಿ. ಅಮ್ಮ ನಮ್ಮನ್ನ ಮಲಗಿಸೋಕೆ ಹಾಕ್ತಿದ್ದದ್ದು ಅದು. ಅಕ್ಕ ಅರ್ಧಕ್ಕೇ ನಿದ್ದೆ ಹೋಗ್ತಿದ್ದಳು. ನಾನು ಕೊನೇವರೆಗೂ ಎದ್ದಿರ್ತಿದ್ದೆ. ಕೊನೇಲಿ ಅವಳು ಅಳ್ತಾಳೆ. ಯಾಕೆ ಅಳ್ತಾಳೆ ಅಂತ ಯೋಚನೆ ಮಾಡ್ತಾ ಮಲಗ್ತಿದ್ದೆ.”

ಇಷ್ಟೂ ಮಾತು ಒಂದೇ ಸಲ, ಕೇಕತ್ತೆ! ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು.

ಇವರು ಬಗ್ಗಿ ನೋಡಿದರು. “ಅಪ್ಪ, ನಿಮ್ಮ ಹಳೇ ಪೆಟ್ಟಿಗೆಯ ಬೆಲ್ಟ್ ಸಡಿಲ ಇರಬೇಕು. ನಿಧಾನ ತಿರುಗಿದರೆ ದನಿ ದಪ್ಪ ಆಗುತ್ತೆ. ಇದೇ ಸರಿಯಾದ ಸ್ಪೀಡ್.”

“ಮತ್ತೆ ಮಾವ, ಅವಳು ಅಳಲ್ಲ, ನಗ್ತಾಳೆ” ಅಂದೆ ನಾನು.

“ನಗ್ತಾಳಾ?”

“ಕೇಳಿ ಬೇಕಾದರೆ.”

ಮಾವ ಕುರ್ಚಿ ಎಳೆದುಕೊಂಡು ಕೂತರು. “ಇನ್ನೊಂದು ಸಲ ಹಾಕು” ಅಂದರು. ಕೇಳಿದರು. ಮತ್ತೊಂದು ಸಲ. ಕೊನೆಗೆ ಆ ಗಿರಾಕಿ, “ಸ್ವಾಮಿ, ನಗೋದು ಸರಿ, ನನಗೆ ಮನೆ ದಾರಿ ಕಾಣ್ತಿಲ್ಲ” ಅಂದ ಮೇಲೆ ಎದ್ದು ಹೋದರು.

ಮೆಟ್ಟಿಲ ಹತ್ತಿರ ತಿರುಗಿ ನಿಂತು ಹೇಳಿದರು, “ಚೆನ್ನಾಗಿದೆ. ಆದರೆ ನಮ್ಮದಲ್ಲ.”

ಪೆಟ್ಟಿಗೆಯ ಬೆಲ್ಟು ಈಗಲೂ ಸಡಿಲವಾಗಿಯೇ ಇದೆಯಾ ಕೇಕತ್ತೆ? ದಯವಿಟ್ಟು ಇದೆ ಅನ್ನಿ.

ನಿಮ್ಮ
ಸೊಸೆ


ಜುಲೈ ೩೦

ತಮ್ಮಾ,

ಕುಣಿಯುವ ಹಾಡಂತಲ್ಲೋ! ನಾವು ಅದನ್ನು ಕೇಳಿಕೊಂಡು ಗೊರಕೆ ಹೊಡೆಯುತ್ತಿದ್ದೆವು.

ಬೆಲ್ಟು ಹಾಗೇ ಇದೆ, ಬದಲಾಯಿಸಿಲ್ಲ. ಜೋರಾಗಿ ತಿರುಗಿದರೆ ಕ್ರೀಮು ಗೋಡೆಗೆ ಹಾರುತ್ತದೆ. ಸ್ಪೀಕರ್ ಇರುವ ಮುಚ್ಚಳವೂ ಇದೆ, ಬೆಂಚಿನ ಕೆಳಗೆ.

ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗೆ ರಜೆ. ಹಿಂದಿನ ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ. ಕರೆಯುತ್ತಿಲ್ಲ, ತಿಳಿಸುತ್ತಿದ್ದೇನೆ.

ಅಕ್ಕ


ಆಗಸ್ಟ್ ೯

ಸೊಸೆಗೆ ಮಾವನ ಆಶೀರ್ವಾದಗಳು.

ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ನೀನು ತವರಿಗೆ ಹೋದ ಮಾರನೆಯ ದಿನ ಭಾನುವಾರ. ಬೇರೆ ಕೆಲಸವಿರಲಿಲ್ಲ, ಅಕ್ಕನ ಊರಿಗೆ ಹೋಗಿಬಂದೆ. ನಡೆದದ್ದನ್ನು ನಿನಗೆ ತಿಳಿಸದೆ ಇದ್ದರೆ ನೀನು ಬಂದು ಪ್ರಶ್ನೆ ಕೇಳಿ ಕೇಳಿ ಅಂಗಡಿ ತೆರೆಯಲು ಬಿಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮುಳ್ಳು ಅಂಗಡಿಯ ಖಾನೆಯಲ್ಲೇ ಇತ್ತು, ಅಮ್ಮನ ಹಳೆಯ ಕನ್ನಡಕದ ಗೂಡಿನಲ್ಲಿ. ತಟ್ಟೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದವನು ಇದೇನು ಸ್ವಾಮಿ ಅಂದ. ಅವನಿಗೆಲ್ಲ ಹೇಳಿದೆ. ಅವನು ಇಳಿಯುವ ಜಾಗ ದಾಟಿಹೋಯಿತು.

ಹಿಂದಿನ ಬಾಗಿಲು ತೆರೆದೇ ಇತ್ತು. ಅಕ್ಕ ತಿರುಗಿ ನೋಡಲಿಲ್ಲ. “ಕಾಲು ಒರೆಸಿಕೊಂಡು ಬಾ. ಮುಳ್ಳೇನಾದರೂ ಇದ್ದರೆ ನಿನ್ನ ಹೆಂಡತಿ ಚಿಮುಟ ತಗೊಂಡು ಬಂದಾಳು” ಅಂದಳು. ದಪ್ಪಗಾಗಿದ್ದಾಳೆ. ದನಿ ಅಮ್ಮನದೇ ಆಗಿದೆ. ಅದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಮುಳ್ಳು ಕೂರಿಸಲು ಆಗಲಿಲ್ಲ, ನನ್ನ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಕೂರಿಸಿದ್ದು ಅವಳು. ಪೆಟ್ಟಿಗೆಯ ಸಂದಿನಲ್ಲೆಲ್ಲ ಸಕ್ಕರೆ ಪುಡಿ. ಉದ್ದಕ್ಕೂ ಕರಕರ ಅನ್ನುತ್ತದೆ. ಆದರೂ ಬಂತು. ನಮ್ಮದೇ, ನಿಧಾನದ್ದು. ಹಾಡುವವಳು ದೊಡ್ಡವಳಾಗಿಯೇ ಹಾಡಿದಳು.

ಪೂರ್ತಿ ಕೇಳಲಾಗಲಿಲ್ಲ. ಮಧ್ಯೆ ಅಕ್ಕ ಮಾತು ತೆಗೆದಳು. ಕೊನೆಯಲ್ಲಿ ಹಾಡುವವಳು ನಗುವುದು ತನಗೆ ಆಗಲೇ ಗೊತ್ತಿತ್ತಂತೆ. ಶುದ್ಧ ಸುಳ್ಳು. ಅಲ್ಲಿಯವರೆಗೆ ಅಕ್ಕ ಎಂದೂ ಎಚ್ಚರವಿದ್ದವಳಲ್ಲ. ಹಾಗೆಂದೆ. ಅವಳು ಬಿಡಲಿಲ್ಲ, ನಾನೂ ಬಿಡಲಿಲ್ಲ. ಹಾಗೇ ಮಾತಾಡುತ್ತ ಅಮ್ಮನ ಕಾಯಿಲೆಯ ದಿನಗಳ ವಿಷಯವೂ ಬಂತು. ಅವತ್ತು ನಾನು ಏನು ಹೇಳಲು ಹೋಗಿದ್ದೆ ಅಂತ ಕೇಳಿದಳು. ಹೇಳಿದೆ. “ಅಕ್ಕ, ನೀನು ಇಲ್ಲದೆ ಇದ್ದರೆ ನನ್ನಿಂದ ಆಗುತ್ತಿರಲಿಲ್ಲ” ಅಂತ ಹೇಳಲು ಹೋಗಿದ್ದೆ. “ಮತ್ತೆ ಹಾಗಂತ ಹೇಳಬಾರದಿತ್ತಾ ದಡ್ಡಾ” ಅಂದಳು. ತಟ್ಟೆ ಮುಗಿದು ಸುಮ್ಮನೆ ತಿರುಗುತ್ತಿತ್ತು, ಇಬ್ಬರೂ ಎದ್ದು ನಿಲ್ಲಿಸಲಿಲ್ಲ.

ಪೆಟ್ಟಿಗೆ ಅವಳಲ್ಲೇ ಬಿಟ್ಟು ಬಂದೆ, ಮುಳ್ಳಿನ ಸಮೇತ. ಅವಳಿಗೆ ಕೆಲಸಕ್ಕೆ ಬೇಕು. ತಟ್ಟೆಗಳನ್ನು ವಾಪಸು ತಂದೆ. ಇನ್ನು ಮೇಲೆ ತಿಂಗಳಿಗೊಮ್ಮೆ ಹೊತ್ತುಕೊಂಡು ಹೋಗುವುದು ಅಂತಾಗಿದೆ. ಮುಂದಿನ ಸಲ ನೀನೂ ಬಾ. ಅವಳು ನಿನ್ನನ್ನು ನೋಡಬೇಕಂತೆ. ಇಲ್ಲಿ ನೀವು ತಂದ ಹೊಸ ಪೆಟ್ಟಿಗೆಯಲ್ಲಿ ನಿನ್ನತ್ತೆ ಬೆಳಿಗ್ಗೆಯಿಂದ ಆ ಚಿಕ್ಕ ಹುಡುಗಿಯ ಹಾಡನ್ನು ಹಾಕಿಕೊಂಡು ಕೂತಿದ್ದಾಳೆ. ನಿನ್ನ ಗಂಡ ಮಸೂರ ಕೊರೆಯುವಾಗಲೂ ತಾಳ ಹಾಕಿ ಒಂದನ್ನು ಒಡೆದ.

ಇಷ್ಟು ಬರೆಯುವ ಹೊತ್ತಿಗೆ ಒಂದು ತೊಂದರೆ ಆಗಿದೆ. ನಿನ್ನತ್ತೆ ಬೆನ್ನ ಹಿಂದೆ ನಿಂತು ಎಲ್ಲ ಓದಿಬಿಟ್ಟಳು. “ಇಷ್ಟು ವರ್ಷ ಸಂಸಾರ ಮಾಡಿದೀನಿ, ನನಗೆ ಒಂದು ಸಾಲು ಬರೆದಿಲ್ಲ. ಸೊಸೆಗೆ ಎರಡು ಹಾಳೆಯಾ?” ಅಂದಳು. ಒಂದೇ ಮನೆಯಲ್ಲಿರುವವರಿಗೆ ಪತ್ರ ಯಾಕೆ ಅಂದೆ. ತಪ್ಪಾಯಿತು. ತನಗೂ ಒಂದು ಪತ್ರ ಬರುವವರೆಗೆ ಮಾತು ಬಿಟ್ಟಿದ್ದಾಳೆ, ಹಾಡನ್ನೂ ನಿಲ್ಲಿಸಿದ್ದಾಳೆ. ಮನೆ ತುಂಬ ಸದ್ದಿಲ್ಲದಂತಾಗಿದೆ, ನನಗೆ ಆಗುತ್ತಿಲ್ಲ.

ಹಾಳೆ ತೆಗೆದುಕೊಂಡು ಕೂತಿದ್ದೇನೆ. ಶುರು ಹೇಗೆ ಮಾಡಬೇಕು ಅಂತ ತಿಳಿಯುತ್ತಿಲ್ಲ. ನಿನಗಾದರೆ ಇವೆಲ್ಲ ಸಲೀಸು. ಪತ್ರ ಸಿಕ್ಕಿದ ದಿನದ ಬಸ್ಸಿಗೇ ಹೊರಟು ಬಾ.

ನಿನ್ನ
ಮಾವ